‘ಸ್ಪೂಫಿಂಗ್’ಗೆ ‘ಸೋಗು’ ಅಂದರೆ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ನಮ್ಮ ತಂಡದಲ್ಲಿ ಎರಡು ವಾರದಿಂದ ಜಗಳ ನಡೆದಿದೆ. ಸ್ವಲ್ಪ ಬಿಡಿಸಿಕೊಡಿ.

ಕಚೇರಿಗಳಿಗೆ ಬರುವ ಫೋನ್ ಕರೆಗಳನ್ನು ಕ್ಲೌಡ್‌ನಲ್ಲೇ ತಪಾಸಣೆ ಮಾಡಿ, ಮೋಸದ ಕರೆ ತಡೆಯುವ ಸಾಫ್ಟ್‌ವೇರ್ ನಮ್ಮದು. ತಂಡ ನೋಡಿಕೊಳ್ಳುವುದು ನನ್ನ ಕೆಲಸ. ಗ್ರಾಹಕರು ಜಾಸ್ತಿ ಅಮೆರಿಕದವರು. ಈಗ ಇಲ್ಲಿನವರಿಗೂ ಕೊಡಲು ಹೊರಟಿದ್ದೇವೆ. ಹಾಗಾಗಿ ಪರದೆಯ ಮಾತೆಲ್ಲ ಕನ್ನಡಕ್ಕೆ ಬರಬೇಕು. ‘ಸೆಟ್ಟಿಂಗ್ಸ್’, ‘ಲಾಗಿನ್’ ಹಾಗೇ ಬಿಟ್ಟೆವು. ‘ವಾನ್‌ಗಿರಿ’ಗೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ರಿಂಗ್ ಕೊಟ್ಟು ಕಟ್ ಮಾಡುವುದಕ್ಕೆ ಜಪಾನಿನವರ ಮಾತು ಅದು. ನಮ್ಮಲ್ಲಿ ‘ಮಿಸ್ಡ್ ಕಾಲ್ ಮೋಸ’, ಮುಗೀತು.

ಸಿಕ್ಕಿಕೊಂಡಿದ್ದು ‘ಸ್ಪೂಫಿಂಗ್’ನಲ್ಲಿ. ಅಂದರೆ, ಕರೆ ಮಾಡುವವರು ತಮ್ಮ ನಂಬರಿನ ಬದಲು ಬೇರೆ ನಂಬರ್ ಕಾಣುವಂತೆ ಮಾಡುವುದು. ಮೊದಲು ‘ನಕಲಿ ಕರೆ’ ಎಂದು ಹಾಕಿದೆವು. ಪ್ರಯೋಗಕ್ಕೆ ಕೊಟ್ಟಿದ್ದ ಕಡೆ ರಿಸೆಪ್ಷನ್‌ನಲ್ಲಿ ಕೂರುವಾಕೆ ಕೇಳಿದರು: “ಕರೆ ನಿಜವಾಗ್ಲೂ ಬಂದಿದೆಯಲ್ಲ ಸಾರ್, ನಕಲಿ ಹೇಗಾಗುತ್ತೆ?” ನನ್ನ ಬಾಯಿ ಕಟ್ಟಿತು. ಕರೆ ನಿಜ. ನಂಬರೂ ನಿಜ, ಯಾವುದೋ ಬ್ಯಾಂಕಿನದು. ‘ಅದು ನನ್ನದು’ ಅನ್ನುವುದು ಮಾತ್ರ ಸುಳ್ಳು.

ಇಂಟರ್ನೆಟ್ ಫೋನ್ ಕರೆ ಶುರುವಾಗುವಾಗ ಮೊದಲು ‘ಇನ್ವೈಟ್’ ಎಂಬ ಚೀಟಿ ಹೋಗುತ್ತದೆ. ಇಂಥ ಕರೆಗಳನ್ನು ಜೋಡಿಸುವ ರೀತಿಗೆ ‘ಎಸ್‌ಐಪಿ’ ಎನ್ನುತ್ತಾರೆ, ಈಗಲೂ ನಡೆಯುತ್ತಿರುವುದು ಅದರ 2002ರ ನಿಯಮವೇ. ಚೀಟಿಯಲ್ಲಿ ‘ಫ್ರಮ್’ ಅಂತ ಒಂದು ಸಾಲು. ಶಾಲೆಯ ರಜಾ ಅರ್ಜಿಯಲ್ಲಿ ‘ಇಂದ’ ಎಂದು ಬರೆಯುತ್ತಿದ್ದೆವಲ್ಲ, ಅದೇ. ದಾರಿಯಲ್ಲಿ ಯಾರೂ ತಡೆದು ಕೇಳದಿದ್ದರೆ, ಅಲ್ಲಿ ಯಾರ ನಂಬರ್ ಬರೆದರೂ ನಡೆಯುತ್ತದೆ.

ಅದಕ್ಕೇ ನನಗೆ ‘ಸೋಗಿನ ನಂಬರ್’ ಇಷ್ಟ. ಒಬ್ಬರು ‘ವೇಷ’ ಎಂದರು. ಆದರೆ ಹಗಲುವೇಷದವರು ಮನೆ ಮುಂದೆ ಬಂದರೆ ಅದು ವೇಷ ಅಂತ ನಮಗೆ ಗೊತ್ತಿರುತ್ತದೆ, ಗೊತ್ತಿದ್ದೇ ನೋಡುತ್ತೇವೆ. ಸೋಗು ಗೊತ್ತಾದರೆ ಕೆಟ್ಟಿತು.

ಇಲ್ಲಿ ನಮ್ಮ ಟೆಸ್ಟರ್ ಹುಡುಗಿಯ ತಕರಾರು. ಡಾಕ್ಟರು ತಮ್ಮ ಮೊಬೈಲ್‌ನಿಂದ ಮಾತಾಡಿ, ರೋಗಿಗೆ ಆಸ್ಪತ್ರೆಯ ನಂಬರ್ ಕಾಣಿಸಿದರೆ? ಅದೂ ಸ್ಪೂಫಿಂಗೇ. ಅಮೆರಿಕದ ಕಾನೂನೂ ಮೋಸ, ಹಾನಿಯ ಉದ್ದೇಶವಿದ್ದರೆ ಮಾತ್ರ ತಪ್ಪು ಅನ್ನುತ್ತದೆ. ಡಾಕ್ಟರನ್ನು ಸೋಗಲಾಡಿ ಮಾಡುವುದು ಸರಿಯಲ್ಲ, ಅಲ್ವಾ? ಇದಕ್ಕೆ ‘ಎರವಲು ನಂಬರ್’ ಎನ್ನೋಣವೇ? ಎರವಲು ಅಂದ ಮೇಲೆ ಕೊಟ್ಟವರಿಗೆ ಗೊತ್ತಿರುತ್ತದೆ. ಆದರೆ ಎರವಲು ತಂದದ್ದು ವಾಪಸ್ ಕೊಡಬೇಕಲ್ಲ ಎಂಬ ಅಳುಕಿದೆ.

ಇನ್ನೊಂದು, ‘ಅಟೆಸ್ಟೇಷನ್’. ಈ ನಂಬರ್ ಕರೆ ಮಾಡಿದವರದೇ ಎಂದು ಫೋನ್ ಕಂಪನಿ ಸಹಿ ಹಾಕುವುದು. ಅಮೆರಿಕದ ದೊಡ್ಡ ಕಂಪನಿಗಳಿಗೆ 2021ರ ಜೂನ್ 30ರಿಂದ ಇದು ಕಡ್ಡಾಯ. ‘ದೃಢೀಕರಣ’ ಅಂದರೆ ಗೆಜೆಟೆಡ್ ಆಫೀಸರ ಸೀಲು ಕಣ್ಣಿಗೆ ಬರುತ್ತದೆ. ಸುಮ್ನೆ ‘ಹೊಣೆ’ ಸಾಕು ಅನಿಸುತ್ತದೆ. ಇದರಲ್ಲಿ ಮೂರು ದರ್ಜೆ. ಗಿರಾಕಿಯೂ ಗೊತ್ತು, ನಂಬರೂ ಅವರದೇ ಅಂದರೆ ‘ಪೂರ್ತಿ ಹೊಣೆ’. ಗಿರಾಕಿ ಗೊತ್ತು, ನಂಬರಿನ ಮಾತು ಗೊತ್ತಿಲ್ಲ ಅಂದರೆ ‘ಅರೆ ಹೊಣೆ’. ನಮ್ಮ ಬಾಗಿಲಿಂದ ಒಳಗೆ ಬಂತು, ಅಷ್ಟೇ ಗೊತ್ತು ಅನ್ನುವ ಮೂರನೆಯದಕ್ಕೆ ಪದ ಹೊಳೆದಿಲ್ಲ. ‘ದಾರಿಹೋಕ ಕರೆ’ ಎಂದಿದ್ದಕ್ಕೆ ಎಲ್ಲರೂ ನಕ್ಕರು.

ಶುಕ್ರವಾರ ಸಂಜೆಯೊಳಗೆ ಪದಗಳನ್ನು ಸಾಫ್ಟ್‌ವೇರ್‌ಗೆ ಸೇರಿಸಲು ಕೊಡಬೇಕು. ನಿಮ್ಮ ಊರ ಕಡೆ ಇಂಥ ಅರ್ಧಂಬರ್ಧ ಹೊಣೆಗೆ ಮಾತಿದ್ದರೆ ತಿಳಿಸಿ.