ಉಪವಾಸ ಕೂರುವುದು ಮನವೊಲಿಕೆಯೋ, ಬಲವಂತವೋ?

ಪ್ರಶ್ನೆ

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಳೆದ ವಾರ, 1932ರಲ್ಲಿ ಗಾಂಧೀಜಿ ಜೈಲಿನಲ್ಲಿ ಉಪವಾಸ ಕುಳಿತಾಗ ಅಂಬೇಡ್ಕರರೂ ಸವರ್ಣೀಯ ಮುಖಂಡರೂ ಮಾಡಿಕೊಂಡ ಪುಣೆ ಒಪ್ಪಂದದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ನೀವು ಒಪ್ಪದಿದ್ದರೆ ನಾನು ಸಾಯುತ್ತೇನೆ ಅನ್ನುವುದು ಒಪ್ಪಿಸಿದ ಹಾಗೋ, ಹೆದರಿಸಿದ ಹಾಗೋ?" ಎಂದು ಕೇಳಿದಳು. ಯಾರ ಮೇಲೂ ಕೈ ಎತ್ತದ ಕಾರಣ ಉಪವಾಸವನ್ನು ಬಲವಂತವೆನ್ನಲಾಗದು ಎಂದು ಉತ್ತರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಮನವೊಲಿಸುವುದಕ್ಕೂ ಮಣಿಸುವುದಕ್ಕೂ ನಡುವಿನ ಗೆರೆಯನ್ನು ಇಲ್ಲಿ ಎಲ್ಲಿ ಎಳೆಯಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಈ ಪ್ರಶ್ನೆ ಗಾಂಧೀಜಿಯವರನ್ನೂ ಕಾಡಿತ್ತು. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಶೇಕಡಾ 35ರಷ್ಟು ಕೂಲಿ ಹೆಚ್ಚಳ ಸಿಗುವವರೆಗೆ ಕೆಲಸಕ್ಕೆ ಮರಳುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. ಮಾಲೀಕರು ಶೇಕಡಾ 20ರ ಮೇಲೆ ಏರಲು ಸಿದ್ಧರಿರಲಿಲ್ಲ. ದಿನ ಕಳೆದಂತೆ ಕಾರ್ಮಿಕರ ಮನೆಗಳಲ್ಲಿ ಒಲೆ ಹೊತ್ತುವುದು ಕಷ್ಟವಾಗಿ, ಸಾಬರಮತಿ ದಂಡೆಯ ಜಾಲಿ ಮರದ ಕೆಳಗೆ ಸೇರುತ್ತಿದ್ದ ಸಭೆಯಲ್ಲಿ ಉತ್ಸಾಹ ಕುಂದಿತು. ಆಗ ಗಾಂಧೀಜಿ ಉಪವಾಸ ಆರಂಭಿಸಿದರು. ಅವರ ಉದ್ದೇಶ ಕಾರ್ಮಿಕರು ಕೊಟ್ಟ ಮಾತಿಗೆ ನಿಲ್ಲುವಂತೆ ಮಾಡುವುದಾಗಿತ್ತೇ ಹೊರತು ಮಾಲೀಕರನ್ನು ಬಗ್ಗಿಸುವುದಾಗಿರಲಿಲ್ಲ. ಆದರೆ ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ ಗಾಂಧೀಜಿಯವರ ಸ್ನೇಹಿತರು, ಕಾರ್ಮಿಕರ ಪರ ನಿಂತ ಅನಸೂಯಾ ಸಾರಾಭಾಯಿ ಅದೇ ಅಂಬಾಲಾಲರ ಅಕ್ಕ. ಕಣ್ಣೆದುರಿಗೆ ಸ್ನೇಹಿತ ಅನ್ನ ಬಿಟ್ಟು ಕುಳಿತಿರುವಾಗ ಲೆಕ್ಕಪತ್ರ ಹಿಡಿದು ಚೌಕಾಸಿ ಮಾಡುವುದು ಯಾರಿಗೆ ಸಾಧ್ಯ? ಮೂರೇ ದಿನಗಳಲ್ಲಿ ವಿಷಯವನ್ನು ಪಂಚಾಯ್ತಿಗೆ ಒಪ್ಪಿಸಲಾಯಿತು, ಮುಂದೆ ಪಂಚರ ತೀರ್ಪು ಶೇಕಡಾ 35ಕ್ಕೇ ನಿಂತಿತು. ಆ ಉಪವಾಸ ಮಾಲೀಕರ ಮೇಲೆ ಒತ್ತಡ ಹೇರಿತೆಂದೂ ಅದು ದೋಷವೇ ಎಂದೂ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಕೈ ಎತ್ತಿದರೋ ಇಲ್ಲವೋ ಎಂಬ ಅಳತೆಗೋಲು ಸಾಲದೆಂಬುದಕ್ಕೆ ಇಷ್ಟು ಸಾಕಲ್ಲವೇ?

ಉತ್ತರ 2

ಮೇಲಿನವರು ಗಾಂಧೀಜಿಯವರ ಕಡೆಯಿಂದ ನೋಡಿದ್ದಾರೆ. ಎದುರು ಕುಳಿತವರ ಕಡೆಯಿಂದ ನೋಡದೆ ಈ ಪ್ರಶ್ನೆ ತೀರುವುದಿಲ್ಲ.

1932ರ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಉಪವಾಸ ಆರಂಭವಾಗುವ ಮೊದಲೇ ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡ್, ಸಂಬಂಧಪಟ್ಟ ಸಮುದಾಯಗಳು ತಾವೇ ಒಮ್ಮತಕ್ಕೆ ಬಂದರೆ ಮಾತ್ರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ (ದಲಿತರೇ ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಆರಿಸುವ ವ್ಯವಸ್ಥೆ) ಕೊಡುವ ತೀರ್ಮಾನ ಬದಲಾದೀತು ಎಂದಿದ್ದರು. ಎಂದರೆ ಆ ಪ್ರಾಣದ ಭಾರವೆಲ್ಲ ಸರ್ಕಾರದ ತಲೆಯ ಮೇಲಿಂದ ಇಳಿದು, ಆ ಮತಕ್ಷೇತ್ರ ಬೇಕೆಂದಿದ್ದ ಅಂಬೇಡ್ಕರರ ಹೆಗಲಿಗೆ ಬಿತ್ತು. ಗಾಂಧೀಜಿ ತೀರಿಕೊಂಡರೆ ಹಳ್ಳಿಹಳ್ಳಿಯ ದಲಿತ ಕೇರಿಗಳ ಗತಿಯೇನು ಎಂಬುದನ್ನು ಅವರು ಯೋಚಿಸದಿರಲು ಸಾಧ್ಯವಿರಲಿಲ್ಲ. 24ರಂದು ಸಹಿ ಬಿತ್ತು. ಪ್ರತ್ಯೇಕ ಮತಕ್ಷೇತ್ರ ಹೋಯಿತು, ಪ್ರಾಂತೀಯ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು 71ರಿಂದ 148ಕ್ಕೆ ಏರಿದವು. ಸಂಖ್ಯೆ ಇಮ್ಮಡಿಯಾಯಿತಲ್ಲ ಎನ್ನುವವರಿದ್ದಾರೆ. ಆದರೆ ಕೇಳಬೇಕಾದ ಪ್ರಶ್ನೆ ಎಷ್ಟು ಸಿಕ್ಕಿತು ಎಂಬುದಲ್ಲ, 'ಆಗುವುದಿಲ್ಲ' ಎಂದು ಹೇಳಿ ಎದ್ದು ಬರುವ ದಾರಿ ಅಂಬೇಡ್ಕರರಿಗಿತ್ತೇ ಎಂಬುದು. ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅದೇ ವಾರ ಅನೇಕ ಊರುಗಳಲ್ಲಿ ಸವರ್ಣೀಯರು ದೇವಸ್ಥಾನ, ಬಾವಿಗಳನ್ನು ದಲಿತರಿಗೆ ತೆರೆದರು. ಆ ಸವರ್ಣೀಯರ ಪಾಲಿಗೆ ಅದು ಮನವೊಲಿಕೆಯೇ ಆಗಿದ್ದಿರಬಹುದು. ಒಂದೇ ಉಪವಾಸ ಒಬ್ಬರ ಮನಸ್ಸನ್ನು ತಟ್ಟಿ ಇನ್ನೊಬ್ಬರ ಕೈಯನ್ನು ಕಟ್ಟಬಲ್ಲದು.

ಉತ್ತರ 3

ಇಷ್ಟು ದೊಡ್ಡವರ ನಡುವೆ ನಮ್ಮ ಮನೆಯ ಮಾತನ್ನು ತರುವುದಕ್ಕೆ ಕ್ಷಮೆಯಿರಲಿ. ನಮ್ಮ ಕಾಕಾನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಾಗ ಅಜ್ಜಿ ಬೇಡವೆಂದಳು; ಆತ ಕೇಳದಿದ್ದಾಗ ಊಟ ಬಿಟ್ಟಳು. ಮೊದಲ ದಿನ ಇಬ್ಬರೂ ವಾದಿಸಿದರು. ಎರಡನೆಯ ದಿನ ಸಂಜೆ ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟ ತಾಟಿನೊಳಗೆ ಜೋಳದ ರೊಟ್ಟಿ ಸೆಟೆದುಕೊಂಡು ಬಿದ್ದಿದ್ದನ್ನು ಕಂಡ ಕಾಕಾ, ಒಂದು ಮಾತೂ ಆಡದೆ ನೇಮಕಾತಿ ಪತ್ರವನ್ನು ಒಲೆಗೆ ಹಾಕಿದ. ಇಪ್ಪತ್ತು ವರ್ಷಗಳ ನಂತರವೂ ಏಕೆ ಹೋಗಲಿಲ್ಲವೆಂದು ಕೇಳಿದರೆ, "ಅವ್ವ ಊಟ ಬಿಟ್ಟಿದ್ದಳು" ಎಂದಷ್ಟೇ ಹೇಳುತ್ತಿದ್ದ. ಊರಿನಲ್ಲೇ ಉಳಿಯುವುದು ಏಕೆ ಒಳ್ಳೆಯದು ಎಂಬುದಕ್ಕೆ ಅವನ ಬಾಯಲ್ಲಿ ಒಂದು ಕಾರಣವನ್ನೂ ನಾನು ಕೇಳಲಿಲ್ಲ. ಒಪ್ಪಿದವನಾಗಿದ್ದರೆ ಒಂದಾದರೂ ಇರುತ್ತಿತ್ತು.

ಉತ್ತರ 4 (ಮೊದಲು ಉತ್ತರಿಸಿದವರಿಂದ)

ಎರಡನೆಯ ಉತ್ತರದ ಮಾತನ್ನು ಒಪ್ಪುತ್ತೇನೆ. ಅದಕ್ಕೆ ರಾಜಕೋಟೆಯ ಪ್ರಸಂಗವನ್ನು ಸೇರಿಸಬೇಕು. ಆಡಳಿತ ಸುಧಾರಣೆಯ ಬಗ್ಗೆ ವಲ್ಲಭಭಾಯಿ ಪಟೇಲರಿಗೆ ಕೊಟ್ಟ ಮಾತಿಗೆ ಆ ಸಂಸ್ಥಾನದ ಅರಸರಾದ ಠಾಕೋರರು ತಪ್ಪಿದರೆಂದು ಗಾಂಧೀಜಿ 1939ರ ಮಾರ್ಚ್ 3ರಂದು ಉಪವಾಸ ಕುಳಿತರು. ವೈಸರಾಯ್ ನಡುವೆ ಬಂದು ವಿಷಯವನ್ನು ಫೆಡರಲ್ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಮೌರಿಸ್ ಗ್ವಾಯರ್ ಅವರಿಗೆ ಒಪ್ಪಿಸಿದರು, ಏಪ್ರಿಲ್‌ನಲ್ಲಿ ತೀರ್ಪು ಪಟೇಲರ ಪರವಾಗಿಯೇ ಬಂತು. ಗೆದ್ದ ಮೇಲೆ ಗಾಂಧೀಜಿ ಮಾಡಿದ್ದೇನೆಂದರೆ, ಉಪವಾಸದ ನಡುವೆಯೇ ಮೇಲಿನ ಅಧಿಕಾರಕ್ಕೆ ಮೊರೆಹೋಗಿ ಠಾಕೋರರ ಮೇಲೆ ಒತ್ತಡ ತಂದದ್ದು ಹಿಂಸೆಯ ಸೋಂಕು ತಗುಲಿದ ಕೆಲಸವೆಂದು ಮೇ ತಿಂಗಳಲ್ಲಿ ಬಹಿರಂಗವಾಗಿ ಹೇಳಿ, ಆ ತೀರ್ಪಿನ ಲಾಭವನ್ನೇ ಬಿಟ್ಟುಕೊಟ್ಟು ಕ್ಷಮೆ ಕೇಳಿದರು. ಸಂಗಡಿಗರಲ್ಲಿ ಹಲವರಿಗೆ ಇದು ಅರ್ಥವಾಗಲಿಲ್ಲ. ರಾಜಕೋಟೆಯ ಜನರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಆಕ್ಷೇಪಣೆಗೂ ಬಲವಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸೋಮವಾರದ ತರಗತಿಯಲ್ಲಿ ನನ್ನ ಹಿಂದಿನ ಉತ್ತರವನ್ನು ಹಿಂತೆಗೆದುಕೊಂಡು ಅಹಮದಾಬಾದ್ ಮತ್ತು ರಾಜಕೋಟೆಯ ಪ್ರಸಂಗಗಳನ್ನು ಹೇಳುತ್ತೇನೆ. ಪುಣೆಯ ವಿಷಯದಲ್ಲಿಯೂ ಗಾಂಧೀಜಿ ಹೀಗೆ ಹಿಂದೆ ಸರಿದರೇ ಎಂದು ಆ ಹುಡುಗಿ ಕೇಳದೆ ಬಿಡುವುದಿಲ್ಲ, ಇಲ್ಲವೆಂದೇ ಹೇಳಬೇಕಾಗುತ್ತದೆ.