ಮಗಳು ರುಬ್ಬಿದ್ದು ಬಿಟ್ಟು ಬೇರೇನೂ ನುಂಗುತ್ತಿಲ್ಲ, ಯಾರಾದರೂ ದಾರಿ ಹೇಳಿ

ಬದಿಯಡ್ಕ_ಅಮ್ಮ:
ನನಗೆ ಸಾಕಾಗಿ ಹೋಗಿದೆ. ನುಣ್ಣಗೆ ರುಬ್ಬಿ ಕೊಟ್ಟರೆ ಬಟ್ಟಲು ಖಾಲಿ. ಅದೇ ಅನ್ನವನ್ನು ಕೈಯಲ್ಲಿ ಹಿಸುಕಿ ಕೊಟ್ಟರೆ ಓಕರಿಕೆ, ಕಣ್ಣಲ್ಲಿ ನೀರು, ಕೊನೆಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಕುಚ್ಚಲಕ್ಕಿ ಗಂಜಿ, ಇಡ್ಲಿ, ಬೇಯಿಸಿದ ನೇಂದ್ರ ಬಾಳೆಹಣ್ಣು ಎಲ್ಲ ಕೊಟ್ಟು ನೋಡಿ ಆಯಿತು. ಒಂದು ಅಗುಳು ನಾಲಿಗೆಗೆ ತಾಗಿದರೆ ಸಾಕು, ಬಾಯಿ ಮುಚ್ಚುತ್ತಾಳೆ. ನಾದಿನಿಯ ಮಗ ಇದೇ ಪ್ರಾಯದವನು, ನೀರುದೋಸೆಯನ್ನು ತಾನೇ ಹರಿದು ತಿನ್ನುತ್ತಾನೆ. ಮನೆಗೆ ಬಂದವರೆಲ್ಲ ಹೋಲಿಸಿ ಮಾತಾಡುತ್ತಾರೆ. ಡಾಕ್ಟರಲ್ಲಿ ಕೇಳಿದರೆ "ತಿಂತಾಳೆ, ಸ್ವಲ್ಪ ಕಾಯಿರಿ" ಅಂದರು, ಅಷ್ಟೇ. ಮಿಕ್ಸಿಯಲ್ಲಿ ಎಷ್ಟು ತರಿ ಬಿಡಬೇಕು, ಯಾವ ಜಾರ್ ಹಾಕಬೇಕು ಅಂತ ಗೊತ್ತಿದ್ದವರು ಹೇಳಿ. ಇವತ್ತು ಮಧ್ಯಾಹ್ನವೂ ಎಲ್ಲ ಕಕ್ಕಿದ್ದಾಳೆ.

ನೀರ್ಚಾಲ್_ಅಜ್ಜಿ:
ಹಲ್ಲು ಎಷ್ಟು ಬಂದಿದೆ ಮಗಳೇ? ದವಡೆ ಹಲ್ಲು ಬರದೆ ಮಕ್ಕಳು ಜಗಿಯುವುದಿಲ್ಲ. ಒತ್ತಾಯ ಮಾಡಬೇಡ.

ಪೆರ್ಲದವ:
ದೊಡ್ಡ ಜಾರ್‌ನಲ್ಲಿ ಸ್ವಲ್ಪವೇ ಹಾಕಿದರೆ ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ಇಡೀ ಅಗುಳು ಉಳಿಯುತ್ತದೆ. ಮಗುವಿಗೆ ತೊಂದರೆ ಆಗುವುದು ಅದೇ. ಚಟ್ನಿ ಜಾರ್ ಹಾಕಿ. ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿ, ಒಂದೇ ಸಮ ಓಡಿಸಬೇಡಿ. ತರಿ ಒಂದೇ ಅಳತೆಯಲ್ಲಿ ಬರುತ್ತದೆ.

ಮಂಜೇಶ್ವರ_ನರ್ಸ್:
ಅಮ್ಮ, ಮಗುವಿನ ಪ್ರಾಯ ಬರೆದಿಲ್ಲ. 8 ತಿಂಗಳಾ, ಒಂದೂವರೆ ವರ್ಷವಾ? ಎರಡಕ್ಕೂ ಉತ್ತರ ಬೇರೆ. ಹಾಲು ಯಾವುದು, ದಿನಕ್ಕೆ ಎಷ್ಟು, ಬಾಟಲಿಯಾ ಲೋಟವಾ? ತೂಕ ಸರಿಯಾಗಿ ಏರುತ್ತಿದೆಯಾ? ಇಷ್ಟು ಹೇಳಿ.

ಬದಿಯಡ್ಕ_ಅಮ್ಮ:
ಹಲ್ಲು ಮೇಲೆ ನಾಲ್ಕು, ಕೆಳಗೆ ಎರಡು. ದವಡೆ ಹಲ್ಲು ಇಲ್ಲ ಅಜ್ಜಿ. ಜಾರ್ ದೊಡ್ಡದೇ ಹಾಕುತ್ತಿದ್ದದ್ದು. ಚಿಕ್ಕದರ ಬ್ಲೇಡ್ ಸವೆದಿದೆ.

ನೀರ್ಚಾಲ್_ಅಜ್ಜಿ:
ನಾನು ಹೇಳಿದ್ದು ಅದೇ. ದವಡೆ ಹಲ್ಲು ಬರುವ ತನಕ ರುಬ್ಬಿಯೇ ಕೊಡು. ನನ್ನ ಮಕ್ಕಳೆಲ್ಲ ಹಾಗೇ ಬೆಳೆದರು.

ಉಪ್ಪಳ_ಟೀಚರ್:
ಅಜ್ಜಿ, ಕ್ಷಮಿಸಿ, ಇದನ್ನು ನಾನು ಒಪ್ಪುವುದಿಲ್ಲ. ಮೊದಲ ದವಡೆ ಹಲ್ಲು ಬರುವುದೇ ಹೆಚ್ಚಾಗಿ 13ರಿಂದ 19 ತಿಂಗಳ ನಡುವೆ. ಅಲ್ಲಿಯವರೆಗೆ ಮಕ್ಕಳು ವಸಡಲ್ಲೇ ಜಗಿಯುತ್ತಾರೆ. ಬೆರಳು ಇಟ್ಟು ನೋಡಿ, ಎಷ್ಟು ಗಟ್ಟಿ ಕಚ್ಚುತ್ತಾರೆ ಅಂತ ಗೊತ್ತಾಗುತ್ತದೆ. ಮೆತ್ತಗೆ ಬೆಂದದ್ದನ್ನು ಜಜ್ಜಲು ಅಷ್ಟು ಸಾಕು. ಬದಿಯಡ್ಕ ಅಕ್ಕ, ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವ ಅಮೃತಂ ಹುಡಿ ತರುತ್ತಿದ್ದೀರಾ? ಅದನ್ನು ಕುದಿಸಿ ಮಾಡುವ ಮಣ್ಣಿಯನ್ನು ಸ್ವಲ್ಪ ಗಟ್ಟಿ ಮಾಡುತ್ತಾ ಬನ್ನಿ. ನನ್ನ ಮಗ ಅದರಲ್ಲೇ ಅಭ್ಯಾಸ ಆದದ್ದು.

ಕುಂಬಳೆ_ಕರಾವಳಿ:
ಅಮೃತಂನಲ್ಲಿ ಸಕ್ಕರೆ ಇದೆ, ಟೀಚರ್. ಎರಡು ವರ್ಷದವರೆಗೆ ಸಕ್ಕರೆ ಕೊಡಬೇಡಿ ಅಂತ ಮಕ್ಕಳ ಡಾಕ್ಟರೇ ಹೇಳುತ್ತಾರೆ ಅಲ್ವಾ? ನಾವು ರಾಗಿ ಮೊಳಕೆ ಬರಿಸಿ ಒಣಗಿಸಿ ಹುಡಿ ಮಾಡುವುದು.

ಉಪ್ಪಳ_ಟೀಚರ್:
ಸಕ್ಕರೆ ಒಂದೇ ಇರುವುದಲ್ಲ. ಗೋಧಿ, ಕಡ್ಲೆಬೇಳೆ, ಸೋಯಾ, ನೆಲಗಡಲೆ ಎಲ್ಲ ಸೇರಿದೆ. ನಮ್ಮ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಹುರಿದು ಹುಡಿ ಮಾಡಿ ಕೊಡುವುದು. ರಾಗಿ ಮಾಡಿಕೊಳ್ಳಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ. ಕೂಲಿಗೆ ಹೋಗುವ ತಾಯಿಗೆ ಈ ಪ್ಯಾಕೆಟ್ ಎಷ್ಟು ದೊಡ್ಡ ಆಸರೆ ಅಂತ ನಾನು ನೋಡಿದ್ದೇನೆ. ಅದನ್ನು ಹಳಿಯಬೇಡಿ.

ಕುಂಬಳೆ_ಕರಾವಳಿ:
ಹಳಿದದ್ದಲ್ಲ. ಸಿಹಿ ಬಾಯಿಗೆ ಹತ್ತಿದ ಮೇಲೆ ಮಕ್ಕಳು ಗಂಜಿ ಮುಟ್ಟುವುದಿಲ್ಲ ಅಂತ ಹೇಳಿದ್ದು. ನೆಲಗಡಲೆ ಇದೆ ಅಂದ ಮೇಲೆ ಮೊದಲ ಸಲ ಕೊಡುವಾಗ ಸ್ವಲ್ಪವೇ ಕೊಟ್ಟು, ಮೈಮೇಲೆ ದದ್ದು ಏಳುತ್ತದಾ ನೋಡಬೇಕು. ಅದೂ ಹೇಳಿ.

ಪೆರ್ಲದವ:
ಸಕ್ಕರೆ ವಿಷಯ ಆಮೇಲೆ. ಬ್ಲೇಡ್ ಸವೆದಿದೆ ಅಂತ ಅಕ್ಕ ಈಗ ಹೇಳಿದರು, ಗಮನಿಸಿದಿರಾ? ಸವೆದ ಬ್ಲೇಡ್ ಅನ್ನವನ್ನು ಕತ್ತರಿಸುವುದಿಲ್ಲ, ಅಂಟು ಅಂಟಾಗಿ ಕಲಸುತ್ತದೆ. ನಮ್ಮಲ್ಲಿ 2 ಲೀಟರಿನ ಟಿಲ್ಟಿಂಗ್ ಗ್ರೈಂಡರ್ ಇದೆ, ಮೂರು ಕಲ್ಲಿನದ್ದು. ಮಗುವಿನದ್ದೂ ಅದರಲ್ಲೇ. ಎಷ್ಟು ಹೊತ್ತು ಓಡಿಸುತ್ತೇವೋ ಅಷ್ಟು ನುಣ್ಣಗೆ. ಬಿಸಿಯೂ ಆಗುವುದಿಲ್ಲ.

ಮುಳ್ಳೇರಿಯ_ತೋಟ:
ಕಡೆಯುವ ಕಲ್ಲಿನ ಮುಂದೆ ಯಾವ ಗ್ರೈಂಡರೂ ಇಲ್ಲ. ನಮ್ಮ ಮನೆಯಲ್ಲಿ ಈಗಲೂ ಮಗುವಿನದ್ದು ಕಲ್ಲಿನಲ್ಲೇ. ಕೂತು ಉಣ್ಣಲು ಹಲಸಿನ ಮರದ ಕುರ್ಚಿ ಮಾಡಿಸಿದ್ದೇನೆ, ಎದುರಿಗೆ ತಟ್ಟೆ ಇಡಲು ಹಲಗೆ, ಕಾಲಿಗೆ ಮೆಟ್ಟು. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಜೋತು ಬೀಳುತ್ತದೆ.

ಪೆರ್ಲದವ:
ಕುರ್ಚಿಯ ಅಳತೆ ಕೊಡಿ ಭಾವ. ನಮ್ಮ ಆಚಾರಿಗೆ ಹೇಳುತ್ತೇನೆ.

ಮಂಜೇಶ್ವರ_ನರ್ಸ್:
ಎಲ್ಲರಲ್ಲೂ ಒಂದು ವಿನಂತಿ. ಕುರ್ಚಿಯ ಮೆಟ್ಟಿನ ಮಾತು ಒಳ್ಳೆಯದೇ, ಪಾದ ಊರಿ ನೆಟ್ಟಗೆ ಕೂತರೆ ನುಂಗುವುದು ಸುಲಭ. ಆದರೆ ಆ ತಾಯಿ ಮಧ್ಯಾಹ್ನದಿಂದ ಸಂಕಟದಲ್ಲಿದ್ದಾರೆ. ಬದಿಯಡ್ಕ ಅಮ್ಮ, ಪ್ರಾಯ ಮತ್ತು ಹಾಲು. ಅದು ಗೊತ್ತಾಗದೆ ನಾನು ಏನು ಹೇಳಿದರೂ ಊಹೆಯ ಮಾತಾಗುತ್ತದೆ.

ಬದಿಯಡ್ಕ_ಅಮ್ಮ:
14 ತಿಂಗಳು. ಹಾಲಿಗೂ ಇದಕ್ಕೂ ಏನು ಸಂಬಂಧ ಅಂತ ಬರೆಯಲಿಲ್ಲ. ಮನೆಯದ್ದೇ ದನದ ಹಾಲು. ಬಾಟಲಿಯಲ್ಲಿ ಕೊಡುವುದು. ಬೆಳಿಗ್ಗೆ ಎದ್ದ ಕೂಡಲೇ ಒಂದು, ಹತ್ತು ಗಂಟೆಗೆ ಒಂದು, ಮಲಗುವಾಗ ಒಂದು, ರಾತ್ರಿ ಎದ್ದಾಗ ಅತ್ತೆ ಒಂದೆರಡು ಸಲ ಕೊಡುತ್ತಾರೆ. ದೊಡ್ಡ ಬಾಟಲಿ, 250 ಮಿಲಿಯದ್ದು. ಸಂಜೆ ರಾಗಿ ಮಣ್ಣಿ ತೆಳ್ಳಗೆ ಮಾಡಿ ಅದೇ ಬಾಟಲಿಯಲ್ಲಿ, ನಿಪ್ಪಲಿನ ತೂತು ಸೂಜಿಯಲ್ಲಿ ದೊಡ್ಡ ಮಾಡಿದ್ದೇವೆ. ಉಣ್ಣಿಸುವಾಗ ಮೊಬೈಲಲ್ಲಿ ಹಾಡು ಹಾಕಿದರೆ ಮಾತ್ರ ಬಾಯಿ ತೆರೆಯುವುದು. ತೂಕ 8 ಕಿಲೋ 200. ಎರಡು ತಿಂಗಳಿಂದ ಏರಿಲ್ಲ.

ಮಂಜೇಶ್ವರ_ನರ್ಸ್:
ಈಗ ವಿಷಯ ಸ್ಪಷ್ಟ ಆಯಿತು. ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಲೆಕ್ಕ ಹಾಕಿ ನೋಡಿ, ಮಗು ದಿನಕ್ಕೆ ಕಡಿಮೆ ಅಂದರೂ ಒಂದು ಲೀಟರ್ ಹಾಲು ಕುಡಿಯುತ್ತಿದೆ. ವರ್ಷ ದಾಟಿದ ಮಗುವಿಗೆ ಅರ್ಧ ಲೀಟರಿಗಿಂತ ಜಾಸ್ತಿ ಬೇಡ. ಹಾಲಲ್ಲೇ ಹೊಟ್ಟೆ ತುಂಬಿದ ಮಗುವಿಗೆ ಹಸಿವೆ ಎಲ್ಲಿಂದ ಬರಬೇಕು? ಹಸಿವೆ ಇಲ್ಲದೆ ಕಷ್ಟದ ಕೆಲಸಕ್ಕೆ ಅದು ಯಾಕೆ ಕೈ ಹಾಕಬೇಕು? ಜಗಿಯುವುದು ಆ ಪ್ರಾಯಕ್ಕೆ ಕಷ್ಟದ ಕೆಲಸವೇ. ಇನ್ನೊಂದು, ದನದ ಹಾಲಿನಲ್ಲಿ ಕಬ್ಬಿಣದ ಅಂಶ ತುಂಬ ಕಡಿಮೆ. ಹಾಲು ಮಾತ್ರ ಜಾಸ್ತಿ ಆದರೆ ರಕ್ತಹೀನತೆ ಬರುತ್ತದೆ, ರಕ್ತಹೀನತೆ ಬಂದರೆ ಹಸಿವೆ ಇನ್ನೂ ಕಡಿಮೆ. ತೂಕ ನಿಂತಿದೆ ಅಂದಿದ್ದೀರಿ. ಅದಕ್ಕೆ ಕಾಯಬೇಡಿ, ಈ ವಾರವೇ ಹಿಮೋಗ್ಲೋಬಿನ್ ನೋಡಿಸಿ. 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಕ್ರಮ ಇದೆ. ಸಿಕ್ಕಿದೆಯಾ ಅಂತ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ.

ಮಣ್ಣಿ ಬಾಟಲಿಯಲ್ಲಿ ಬೇಡವೇ ಬೇಡ. ಚೀಪುವುದು ಬೇರೆ, ಜಗಿಯುವುದು ಬೇರೆ. ಚೀಪುವಾಗ ನಾಲಿಗೆ ಹಿಂದೆ ಮುಂದೆ ಮಾತ್ರ ಹೋಗುತ್ತದೆ. ಜಗಿಯಲು ತುತ್ತನ್ನು ನಾಲಿಗೆ ಪಕ್ಕಕ್ಕೆ, ವಸಡಿನ ನಡುವೆ ತಳ್ಳಬೇಕು. ನಿಮ್ಮ ಮಗಳ ನಾಲಿಗೆಗೆ ಆ ಅಭ್ಯಾಸ ಇನ್ನೂ ಸಿಕ್ಕಿಲ್ಲ. ಮಿಕ್ಸಿ ಬದಲಿಸಿ ಇದು ಸರಿ ಹೋಗುವುದಿಲ್ಲ.

ಕುಚ್ಚಲಕ್ಕಿ ಗಂಜಿಯಿಂದ ಶುರು ಮಾಡಿದ್ದೀರಿ. ಅದು ಎಲ್ಲಕ್ಕಿಂತ ಕಷ್ಟದ್ದು. ತಿಳಿ ಬೇಗ ಗಂಟಲಿಗೆ ಇಳಿಯುತ್ತದೆ, ಗಟ್ಟಿ ಅಗುಳು ಹಿಂದೆ ಉಳಿಯುತ್ತದೆ. ಎರಡು ಒಟ್ಟಿಗೆ ಬಂದರೆ ಇಂಥ ಮಕ್ಕಳು ಓಕರಿಸುವುದು ಸಹಜ. ಬೆಳ್ತಿಗೆ (ಕುಚ್ಚಲು ಅಲ್ಲದ ಬಿಳಿ ಅಕ್ಕಿಯ) ಅನ್ನ, ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಒಂದು ಚಮಚ ತುಪ್ಪ ಹಾಕಿ, ಚಮಚದ ಹಿಂಬದಿಯಲ್ಲಿ ಹಿಸುಕಿ. ಚಮಚ ಓರೆ ಮಾಡಿದರೆ ಬೀಳಬಾರದು, ಅಷ್ಟು ಗಟ್ಟಿ. ದಿನ ಹೋದ ಹಾಗೆ ಹಿಸುಕುವುದು ಕಡಿಮೆ ಮಾಡಿ.

ಅದರ ಜೊತೆಗೆ ಕೈಗೆ ಒಂದು ತುಂಡು. ಬೇಯಿಸಿದ ನೇಂದ್ರ, ಗೆಣಸು, ಸಿಹಿಕುಂಬಳ, ಬೆರಳುದ್ದ ಕತ್ತರಿಸಿ. ಎರಡು ಬೆರಳ ನಡುವೆ ಒತ್ತಿದರೆ ಜಜ್ಜಿ ಹೋಗಬೇಕು. ತಿನ್ನದಿದ್ದರೂ ಆಡಲಿ, ನೆಕ್ಕಲಿ, ಬಿಸಾಡಲಿ. ಹೊಸ ತಿಂಡಿಯನ್ನು ಹತ್ತು ಹದಿನೈದು ಸಲ ಮುಂದೆ ಇಟ್ಟ ಮೇಲೆ ಒಪ್ಪುವ ಮಕ್ಕಳು ಬೇಕಾದಷ್ಟು ಇದ್ದಾರೆ. ಮೊಬೈಲ್ ಬೇಡ. ಹಾಡು ನೋಡುವ ಮಗುವಿಗೆ ಬಾಯಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ, ಅಗುಳು ಸಿಕ್ಕಿದಾಗ ಗಾಬರಿ ಆಗುತ್ತದೆ.

ಮುಳ್ಳೇರಿಯ_ತೋಟ:
ಹಾಲನ್ನು ಹೀಗೆ ದೂರಬೇಡಿ ಸಿಸ್ಟರ್. ಪೇಟೆಯ ಪ್ಯಾಕೆಟ್ ಹಾಲಿಗೆ ನಿಮ್ಮ ಮಾತು ಸರಿ ಇರಬಹುದು. ಅಕ್ಕನದ್ದು ಕಾಸರಗೋಡು ಗಿಡ್ಡ ಆಗಿದ್ದರೆ ಅದು ಔಷಧಿಗೆ ಸಮ. ಕಾಡುಗುಡ್ಡದಲ್ಲಿ ಮೇಯುವ ಜಾತಿ. ನಮ್ಮಲ್ಲಿ ಮೂರು ಇವೆ, ಕರೆಯುವುದು ಒಂದೆರಡು ಲೀಟರ್, ಆದರೆ ಆ ರುಚಿ ಬೇರೆ ಎಲ್ಲೂ ಇಲ್ಲ.

ಮಂಜೇಶ್ವರ_ನರ್ಸ್:
ಗಿಡ್ಡ ನಮ್ಮ ನೆಲದ ತಳಿ, ಅದು ಉಳಿಯಬೇಕು, ನೀವು ಸಾಕುತ್ತಿರುವುದಕ್ಕೆ ನನಗೂ ಸಂತೋಷ ಇದೆ. ಆದರೆ ಯಾವ ದನದ್ದೇ ಆಗಲಿ, ಹಾಲಿನಲ್ಲಿ ಕಬ್ಬಿಣ ಕಡಿಮೆಯೇ. 14 ತಿಂಗಳ ಮಗುವಿಗೆ ಒಂದು ಲೀಟರ್ ಜಾಸ್ತಿಯೇ.

ಮುಳ್ಳೇರಿಯ_ತೋಟ:
ನಮ್ಮ ಹಿರಿಯರು ಹಾಲಲ್ಲೇ ಬೆಳೆದವರು.

ಕುಂಬಳೆ_ಕರಾವಳಿ:
ಅವರು ಬಾಟಲಿಯಲ್ಲಿ ಬೆಳೆದವರಲ್ಲ ಅಣ್ಣ. ದನದ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಸಿಸ್ಟರ್, ಕಬ್ಬಿಣಕ್ಕೆ ಮೀನು ಆಗಬಹುದಾ? ನಮ್ಮಲ್ಲಿ ವರ್ಷದ ಮಕ್ಕಳಿಗೆ ಬೂತಾಯಿ ಕೊಡುತ್ತೇವೆ.

ಮಂಜೇಶ್ವರ_ನರ್ಸ್:
ತಿನ್ನುವ ಮನೆಯವರಾದರೆ ಖಂಡಿತ ಆಗುತ್ತದೆ. ಬೂತಾಯಿಯಲ್ಲಿ ಮುಳ್ಳು ಸಣ್ಣ, ಬೆಳಕಿನಲ್ಲಿ ಕೂತು ಬೆರಳಲ್ಲಿ ಮುಟ್ಟಿ ಮುಟ್ಟಿ ತೆಗೆಯಬೇಕು. ಅಂಜಲ್ ಮೀನು ಸುಲಭ. ಮೊಟ್ಟೆಯೂ ಒಳ್ಳೆಯದು. ತಿನ್ನದವರು ಬೇಳೆ, ರಾಗಿ, ಸೊಪ್ಪು ಕೊಡಿ, ಮೇಲಿಂದ ನಾಲ್ಕು ಹನಿ ಲಿಂಬೆರಸ ಹಿಂಡಿ. ಹುಳಿ ಇದ್ದರೆ ಸಸ್ಯಾಹಾರದ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ.

ಬದಿಯಡ್ಕ_ಅಮ್ಮ:
ಓಕರಿಸುವಾಗ ಉಸಿರು ಕಟ್ಟಿದರೆ ಏನು ಮಾಡುವುದು? ನನಗೆ ಅದೇ ಹೆದರಿಕೆ. ಅದಕ್ಕೇ ಕೈಗೆ ತುಂಡು ಕೊಡಲು ಧೈರ್ಯ ಬರುವುದಿಲ್ಲ.

ಮಂಜೇಶ್ವರ_ನರ್ಸ್:
ಈ ಹೆದರಿಕೆ ಎಲ್ಲ ತಾಯಂದಿರಿಗೂ ಇದೆ. ಅದನ್ನು ಕಡಿಮೆ ಮಾಡಲು ವ್ಯತ್ಯಾಸ ತಿಳಿದಿರಬೇಕು. ಓಕರಿಸುವ ಮಗು ಶಬ್ದ ಮಾಡುತ್ತದೆ. ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ನಾಲಿಗೆ ಹೊರಗೆ ಬರುತ್ತದೆ. ಅದು ಮೈ ತನ್ನನ್ನು ತಾನೇ ಕಾಯುವ ಕ್ರಮ. ಆಗ ಬಾಯಿಗೆ ಬೆರಳು ಹಾಕಬೇಡಿ, ತುತ್ತು ಇನ್ನೂ ಒಳಗೆ ಹೋಗುತ್ತದೆ. ಸುಮ್ನೆ ಪಕ್ಕದಲ್ಲಿ ಇರಿ.

ಉಸಿರು ಕಟ್ಟಿದ ಮಗುವಿಗೆ ಶಬ್ದ ಬರುವುದಿಲ್ಲ. ಅಳಲು, ಕೆಮ್ಮಲು ಆಗುವುದಿಲ್ಲ, ತುಟಿ ನೀಲಿ ಆಗುತ್ತದೆ. ಆಗ ಮಗುವನ್ನು ಮುಂದಕ್ಕೆ ಬಗ್ಗಿಸಿ, ಎರಡು ಹೆಗಲೆಲುಬಿನ ನಡುವೆ ಅಂಗೈಯ ಬುಡದಿಂದ 5 ಪೆಟ್ಟು. ಹೋಗದಿದ್ದರೆ, ವರ್ಷ ದಾಟಿದ ಮಗುವಾದರೆ ಹಿಂದಿನಿಂದ ಹಿಡಿದು ಹೊಕ್ಕುಳಿಗಿಂತ ಸ್ವಲ್ಪ ಮೇಲ್ಗಡೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ 5 ಸಲ ಒತ್ತಬೇಕು. ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒಂದು ಅಂಗೈಯ ಬುಡದಿಂದ 5 ಸಲ ಒತ್ತಬೇಕು. ತುಂಡು ಹೊರಗೆ ಬರುವ ತನಕ ಎರಡನ್ನೂ ಒಂದಾದ ಮೇಲೆ ಒಂದು ಮಾಡುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಓದಿದರೆ ಸಾಲದು, ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕೈಯಲ್ಲಿ ಮಾಡಿ ತೋರಿಸಲು ಹೇಳಿ. ಅತ್ತೆಯನ್ನೂ ಕರೆದುಕೊಂಡು ಹೋಗಿ.

ಇಡೀ ನೆಲಗಡಲೆ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಚಕ್ಕುಲಿ, ಹಲಸಿನ ಬೀಜದ ತುಂಡು, ಹಸಿ ತೆಂಗಿನಕಾಯಿ ಚೂರು, ಇವು ಬೇಡ. ಮಲಗಿಸಿ, ನಡೆದಾಡುತ್ತಾ ಉಣ್ಣಿಸಬೇಡಿ.

ನೀರ್ಚಾಲ್_ಅಜ್ಜಿ:
ಇದೆಲ್ಲ ಒಳ್ಳೆಯ ಮಾತು. ಆದರೂ ದವಡೆ ಹಲ್ಲು ಬಂದ ಮೇಲೆ ತಾನಾಗಿ ಸರಿ ಆಗುತ್ತದೆ, ನೋಡಿ.

ಬದಿಯಡ್ಕ_ಅಮ್ಮ:
ಹೋಗಿ ಬಂದೆವು. ಹಿಮೋಗ್ಲೋಬಿನ್ 9.2 ಇದೆಯಂತೆ, ದಿನಾ ಕೊಡಲು ಕಬ್ಬಿಣದ ಔಷಧಿ ಬರೆದಿದ್ದಾರೆ. ಹಗಲಿನ ಬಾಟಲಿ ನಿಲ್ಲಿಸಿದ್ದೇನೆ, ಹಾಲು ಸ್ಟೀಲ್ ಲೋಟದಲ್ಲಿ. ಮೊದಲು ತುಂಬ ಅತ್ತಳು. ಈಗ ಬೇಳೆ ಅನ್ನ ಹಿಸುಕಿದ್ದು ಅರ್ಧ ಬಟ್ಟಲು ಹೋಗುತ್ತದೆ. ಗೆಣಸನ್ನು ಕಚ್ಚಿ ಉಗುಳುತ್ತಾಳೆ, ಆದರೆ ಕಚ್ಚುತ್ತಾಳೆ. ಇಡ್ಲಿ ಇನ್ನೂ ಆಗುವುದಿಲ್ಲ. ರಾತ್ರಿ ಬಾಟಲಿ ಬಿಡಿಸಲು ಆಗಿಲ್ಲ. ಮಗು ಹಸಿದು ಮಲಗುತ್ತದೆ ಅಂತ ಅತ್ತೆ ಎದ್ದು ಕೊಟ್ಟುಬಿಡುತ್ತಾರೆ. ಅವರಿಗೆ ನೋವಾಗದ ಹಾಗೆ ಹೇಗೆ ಹೇಳುವುದು?

ಉಪ್ಪಳ_ಟೀಚರ್:
ರಕ್ತ ಪರೀಕ್ಷೆಯ ಚೀಟಿ ತೋರಿಸಿ ಅಕ್ಕ. ಜಗಳಕ್ಕೆ ಹೋಗಬೇಡಿ. ಮಧ್ಯಾಹ್ನದ ಊಟ ಅತ್ತೆಯೇ ಉಣ್ಣಿಸಲಿ. ಮಗು ತಮ್ಮ ಕೈಯಿಂದ ಅನ್ನ ತಿಂದದ್ದು ನೋಡಿದರೆ ರಾತ್ರಿಯ ಬಾಟಲಿ ಅವರೇ ಬಿಡಿಸುತ್ತಾರೆ.

ಮಂಜೇಶ್ವರ_ನರ್ಸ್:
ರಾತ್ರಿ ಒಮ್ಮೆಲೇ ನಿಲ್ಲಿಸಬೇಡಿ. ಬಾಟಲಿಯ ಅಳತೆಯನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ಕೊನೆಗೆ ಲೋಟದಲ್ಲಿ ನೀರು. ಹೊಸ ಹಲ್ಲಿಗೂ ರಾತ್ರಿಯ ಬಾಟಲಿ ಹಾಳು, ಹುಳುಕು ಹಿಡಿಯುತ್ತದೆ. ಇಡ್ಲಿ ಬಾಯಲ್ಲಿ ಮುದ್ದೆ ಆಗುತ್ತದೆ, ಸದ್ಯಕ್ಕೆ ಬಿಟ್ಟು ನೀರುದೋಸೆಯನ್ನು ತೆಳ್ಳಗೆ ಸೀಳಿ ಕೊಡಿ. ಔಷಧಿಯಿಂದ ಮಲ ಕಪ್ಪಾಗುತ್ತದೆ, ಹೆದರಬೇಡಿ. ಔಷಧಿ ಕೊಟ್ಟ ಹೊತ್ತಿನಲ್ಲೇ ಹಾಲು ಕೊಡಬೇಡಿ. ಒಂದು ತಿಂಗಳಲ್ಲಿ ತೂಕ ಏರದಿದ್ದರೆ, ನೀರು ಹಾಲು ಕುಡಿಯುವಾಗಲೂ ಕೆಮ್ಮಿದರೆ, ಜಿಲ್ಲೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡಿ ಚಿಕಿತ್ಸೆ ಕೊಡುವ ಸರ್ಕಾರಿ ಕೇಂದ್ರ) ಕಳಿಸಿ ಅಂತ ಡಾಕ್ಟರಲ್ಲಿ ಕೇಳಿ. ನುಂಗುವ ತೊಂದರೆಗೆ ಅಲ್ಲಿ ತೆರಪಿ ಇದೆ.

ಪೆರ್ಲದವ:
ಮಿಕ್ಸಿ ಬ್ಲೇಡ್, ಗ್ರೈಂಡರ್ ಕಲ್ಲಿನ ವಿಷಯಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ. ಮುಳ್ಳೇರಿಯ ಭಾವ, ಕುರ್ಚಿಯ ಅಳತೆಯನ್ನು ಅಲ್ಲೇ ಹಾಕಿ. ಮೆಟ್ಟಿನಿಂದ ಕೂರುವ ಹಲಗೆಗೆ ಎಷ್ಟು ಇಂಚು ಬಿಟ್ಟಿದ್ದೀರಿ?