ಪದಚರ್ಚೆ: ಹಳೆಯ ಸಿನಿಮಾ ‘ರಿಸ್ಟೋರ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಹದಿನೈದು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ, ಸರಿಯಾದದ್ದು ಸಿಕ್ಕಿಲ್ಲ.

ನಾವು ಏಳೆಂಟು ಜನ ಗೆಳೆಯರು ತಿಂಗಳಿಗೊಂದು ಹಳೆಯ ಸಿನಿಮಾ ನೋಡುತ್ತೇವೆ, ಯಾರದಾದರೂ ಮನೆಯಲ್ಲಿ. ನೋಡುವ ಮೊದಲು ಒಂದು ಪುಟದ ಕನ್ನಡ ಟಿಪ್ಪಣಿ ಹಂಚುವುದು ರೂಢಿ. ಈ ಸಲ ಸರದಿ ನನ್ನದು. ಸಿನಿಮಾ ಇಟಲಿಯ ನಿರ್ದೇಶಕ ಮಾರಿಯೊ ಬಾವಾ ಅವರ 1960ರ ‘ಲಾ ಮಾಸ್ಕೆರಾ ದೆಲ್ ದೆಮೋನಿಯೊ’. ದೆವ್ವದ ಮುಖವಾಡ ಅಂತ ಅರ್ಥ. ಇಟಲಿಯ ಗಾಥಿಕ್ ಹಾರರ್ (ಹಳೆ ಕೋಟೆ, ಸಮಾಧಿಗಳ ನಡುವಿನ ಭಯಾನಕ ಕಥೆ) ಸಿನಿಮಾಗಳಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಇದನ್ನೇ. ಡಿಸ್ಕಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ರಿಸ್ಟೋರ್ಡ್’ ಎಂದಿದೆ, ಅಂದರೆ ಹಾಳಾದ ಹಳೆ ಫಿಲಮ್ಮನ್ನು ಸರಿಪಡಿಸಿ ಮೊದಲಿನ ಹಾಗೆ ಮಾಡಿದ್ದು. ಟಿಪ್ಪಣಿಯ ಮೊದಲ ಸಾಲಿನಲ್ಲೇ ಅದನ್ನು ಹೇಳಬೇಕು. ಅಲ್ಲೇ ಪೆನ್ನು ನಿಂತಿತು.

ಮೊದಲು ನೆನಪಾದದ್ದು ‘ಪುನರುಜ್ಜೀವನ’. ಬರೆದೂ ಬಿಟ್ಟೆ. ಓದಿದ ಗೆಳೆಯ, “ಇದೇನು, ಇಟಲಿಯ ಪುನರುಜ್ಜೀವನ ಅಂದರೆ ಲಿಯೊನಾರ್ಡೊ, ಮೈಕೆಲೆಂಜೆಲೊ ಕಾಲದ್ದಲ್ಲವಾ?” ಅಂದ. ಶಾಲೆಯ ಇತಿಹಾಸ ಪಾಠದಲ್ಲಿ ನಾವೆಲ್ಲ ಓದಿದ್ದು ಹಾಗೇ. ಬೇರೆ ದೇಶದ ಸಿನಿಮಾ ಆಗಿದ್ದರೆ ನಡೆಯುತ್ತಿತ್ತು. ಇಟಲಿಗೇ ತಗಲಿಕೊಂಡಿತು. ಅದೂ ಅಲ್ಲದೆ ಈ ಕಥೆಯಲ್ಲೇ ಒಂದು ಪುನರುಜ್ಜೀವನ ಇದೆ. ಸಮಾಧಿಯಲ್ಲಿ ಮಲಗಿದ ಮಾಟಗಾತಿಯ ಮುಖದ ಮೇಲೆ ಗಾಜು ಚುಚ್ಚಿದ ಕೈಯಿಂದ ರಕ್ತ ತೊಟ್ಟಿಕ್ಕಿ, ಅವಳಿಗೆ ಮತ್ತೆ ಜೀವ ಬರುತ್ತದೆ. ಎರಡೂ ಒಂದೇ ಪುಟದಲ್ಲಿ ಬಂದರೆ ಓದುವವರ ಗತಿ?

‘ಪುನಃಸ್ಥಾಪನೆ’ ಅಂದರೆ ಹೋದ ಕರೆಂಟ್ ವಾಪಸ್ ಬಂದ ಹಾಗೆ. ‘ನವೀಕರಣ’ ಲೈಸೆನ್ಸಿಗೆ, ಬಸ್ ಪಾಸಿಗೆ ಸರಿ. ‘ಸಂರಕ್ಷಣೆ’ ಬೇರೆ ಕೆಲಸ, ಅದು ಹಾಳಾಗದಂತೆ ಕಾಯುವುದು. ‘ಪರಿಷ್ಕೃತ’ ಅಂದಕೂಡಲೇ ಪರಿಷ್ಕೃತ ದರ, ಪರಿಷ್ಕೃತ ಪಠ್ಯ ನೆನಪಾಗಿ, ಯಾರೋ ಏನೋ ಬದಲಾಯಿಸಿದ್ದಾರೆ ಅನ್ನಿಸುತ್ತದೆ.

‘ಜೀರ್ಣೋದ್ಧಾರ’ ಒಳ್ಳೆಯ ಪದವೇ. ಜೀರ್ಣವಾದದ್ದನ್ನು ಮೇಲೆತ್ತುವುದು. ಆದರೆ ನಮ್ಮ ಕಡೆ ದೇವಸ್ಥಾನದ ಜೀರ್ಣೋದ್ಧಾರ ಅಂದರೆ ಏನು ಅಂತ ನಿಮಗೆ ಗೊತ್ತು. ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಗ್ರಾನೈಟು, ಮುಂದೆ ತಗಡಿನ ಚಪ್ಪರ, ಪಕ್ಕದಲ್ಲಿ ದಾನಿಗಳ ಹೆಸರಿನ ಬೋರ್ಡು. ಹಳೆಯ ಉಳಿಯ ಗುರುತು ಒಂದೂ ಉಳಿದಿರುವುದಿಲ್ಲ. ಸಿನಿಮಾದಲ್ಲೂ ಇಂಥ ಜೀರ್ಣೋದ್ಧಾರ ನಡೆಯುತ್ತದೆ. ಹಾಗಾಗಿ ಪದವನ್ನು ಬಿಸಾಡುವುದು ಬೇಡ, ಕೆಟ್ಟ ರಿಸ್ಟೋರೇಷನ್ನಿಗೆ ಇಟ್ಟುಕೊಳ್ಳೋಣ ಅಂತ ನನ್ನ ಸಲಹೆ.

ಅಂಥದ್ದಕ್ಕೆ ಒಂದು ಉದಾಹರಣೆ ಹೇಳಿದರೆ ನನ್ನ ಎರಡನೇ ಪ್ರಶ್ನೆಯೂ ಬಂದಂತಾಗುತ್ತದೆ. ಫಿಲಂ ಮೇಲೆ ಚಿತ್ರ ಮೂಡುವುದೇ ಬೆಳ್ಳಿಯ ಲವಣದ ಸಣ್ಣ ಹರಳುಗಳಿಂದ. ಪರದೆಯ ಮೇಲೆ ಅವು ನಯವಾಗಿ ಮಿಸುಕಾಡುತ್ತಿರುತ್ತವೆ. ಇಂಗ್ಲಿಷಿನವರು ಅದನ್ನು ‘ಗ್ರೇನ್’ ಅನ್ನುತ್ತಾರೆ. ಅದನ್ನು ಕೊಳೆ ಅಂದುಕೊಂಡು ಕಂಪ್ಯೂಟರಿನಲ್ಲಿ ಒರೆಸಿ ತೆಗೆದರೆ ಮುಖಗಳೆಲ್ಲ ಮೇಣದ ಗೊಂಬೆಯ ಮುಖಗಳಾಗುತ್ತವೆ. ಈ ಸಿನಿಮಾದ ನಾಯಕಿ ಬಾರ್ಬರಾ ಸ್ಟೀಲ್ ಅವರ ಆ ಕಣ್ಣು, ಆ ಕೆನ್ನೆಯ ಮೂಳೆ! ಅದನ್ನು ಒರೆಸಿದವರಿಗೆ ಪಾಪ ಸುತ್ತಿಕೊಳ್ಳುತ್ತದೆ. ಇದಕ್ಕೆ ‘ಕಣ’ ಅನ್ನಬಹುದು, ಆದರೆ ವಿಜ್ಞಾನದ ಪುಸ್ತಕದ ವಾಸನೆ. ನನಗೆ ಹೊಳೆದದ್ದು ತುಪ್ಪ. ಹದವಾಗಿ ಕಾಯಿಸಿದ ತುಪ್ಪ ಮರಳು ಮರಳಾಗಿರುತ್ತದೆ. ಅದನ್ನು ನೋಡಿ ‘ಕೆಟ್ಟಿದೆ’ ಅನ್ನುವವರು ಯಾರೂ ಇಲ್ಲ, ಒಳ್ಳೆ ತುಪ್ಪದ ಗುರುತೇ ಅದು. ‘ಈ ಡಿಸ್ಕಿನಲ್ಲಿ ಚಿತ್ರದ ಮರಳು ಹಾಗೇ ಉಳಿದಿದೆ’ ಅಂತ ಬರೆದರೆ ನಿಮಗೆ ಅರ್ಥ ಆಗುತ್ತದಾ? ‘ಮರಳು’ ಅಂದರೆ ಹಿಂತಿರುಗು ಅಂತಲೂ ಆಗುತ್ತದಲ್ಲ, ಸಾಲಿನಲ್ಲಿ ತೊಡಕಾದೀತಾ?

ಹಾಳಾದ ಫಿಲಮ್ಮಿನ ರೋಗಗಳಿಗೆ ಮಾತ್ರ ಪದದ ಬರವಿಲ್ಲ. ಗೀರು, ತೇಪೆ, ಬೂಷ್ಟು. ಟೆಂಟ್ ಸಿನಿಮಾದಲ್ಲಿ ಗೀರು ಬಿದ್ದ ರೀಲು ಓಡುವಾಗ ನಾವು ‘ಪಿಚ್ಚರಲ್ಲಿ ಮಳೆ ಬರ್ತಿದೆ’ ಅನ್ನುತ್ತಿದ್ದೆವು. ಅಸಿಟೇಟ್ ಫಿಲಂ ಹಳೆಯದಾದಾಗ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಡಬ್ಬಿ ತೆಗೆದರೆ ವಿನಿಗರ್ ವಾಸನೆ. ಪಕ್ಕದ ಡಬ್ಬಿಗೂ ಅದು ಹರಡುತ್ತದೆ. ದೋಸೆ ಹಿಟ್ಟಿಗೆ ಅನ್ನುವ ಹಾಗೆ ‘ರೀಲಿಗೆ ಹುಳಿ ಬಂದಿದೆ’ ಅಂದರೆ ಆಯಿತು. ಬಣ್ಣದ ಫಿಲಮ್ಮಿನಲ್ಲಿ ನೀಲಿ ಹಸಿರಿನ ಅಂಶ ಬೇಗ ಮಾಸಿ, ಎಲ್ಲ ಕೆಂಪು ಕೆಂಪಾಗಿ ಉಳಿಯುತ್ತದೆ. ಬಾವಾ ಅವರ 1963ರ ‘ಲಾ ಫ್ರುಸ್ತಾ ಎ ಇಲ್ ಕೋರ್ಪೊ’ದಂಥ, ನೀಲಿ ನೇರಳೆ ಬೆಳಕಿನಲ್ಲೇ ಮುಳುಗಿದ ಸಿನಿಮಾಕ್ಕೆ ಹಾಗಾದರೆ ಉಳಿಯುವುದೇನು?

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. ಅದನ್ನೂ ಕೆಲವರು ರಿಸ್ಟೋರ್ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ‘ಬಣ್ಣ ಹಚ್ಚುವುದು’, ಬೇರೆಯೇ ಕೆಲಸ. ಮಾಸಿದ ಬಣ್ಣವನ್ನು ಮತ್ತೆ ತರುವುದು ಬೇರೆ, ಇಲ್ಲದ ಬಣ್ಣ ಹಾಕುವುದು ಬೇರೆ. ಯಾಕೆ ಮುಖ್ಯ ಅಂದರೆ, 1957ರ ‘ಇ ವಂಪಿರಿ’ ನೋಡಿ. ರಿಕಾರ್ದೊ ಫ್ರೆಡಾ ನಿರ್ದೇಶಕರು. ಅವರು ಅರ್ಧಕ್ಕೆ ಬಿಟ್ಟು ಹೋದಾಗ ಛಾಯಾಗ್ರಾಹಕರಾಗಿದ್ದ ಬಾವಾ ಅವರೇ ಮುಗಿಸಿದರು. ಅದರಲ್ಲಿ ನಾಯಕಿ ಕ್ಯಾಮೆರಾದ ಎದುರಲ್ಲೇ, ಕಟ್ ಇಲ್ಲದೆ, ಮುದುಕಿಯಾಗುತ್ತಾಳೆ. ಗುಟ್ಟು ಇಷ್ಟೇ: ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಬರೆದು ಕೆಂಪು ಬೆಳಕು ಬಿಟ್ಟರೆ ಅವು ಕಾಣುವುದಿಲ್ಲ. ಬೆಳಕನ್ನು ಮೆಲ್ಲಗೆ ಹಸಿರಿಗೆ ತಿರುಗಿಸಿದರೆ ಕಪ್ಪಗೆ ಎದ್ದು ಬರುತ್ತವೆ. ಕಪ್ಪು ಬಿಳುಪು ಫಿಲಮ್ಮಿಗೆ ಮಾತ್ರ ಹೊಂದುವ ಜಾದೂ ಇದು. ನಮ್ಮ ಹಳ್ಳಿ ನಾಟಕದ ಲೈಟ್ ಬಾಯ್‌ಗೂ ಖುಷಿಯಾಗುವಂಥದ್ದು. ಇದಕ್ಕೆ ಯಾರಾದರೂ ಬಣ್ಣ ಹಚ್ಚಲು ಹೋದರೆ ಹೇಗಿದ್ದೀತು ಯೋಚಿಸಿ.

ಸರಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ತೊಳೆಯುವುದು, ಗೀರು ತೆಗೆಯುವುದು, ಬಣ್ಣ ತಿದ್ದುವುದು ಇವಿಷ್ಟೇ ಆಗಿದ್ದರೆ ‘ದುರಸ್ತಿ’ ಅಂತ ಬರೆದು ಮಲಗುತ್ತಿದ್ದೆ. ಪಾತ್ರೆಗೆ ‘ಕಲಾಯಿ’ ಹಾಕಿಸಿದ ಹಾಗೆ ಅಂತಲೂ ಒಂದು ಕ್ಷಣ ಅನ್ನಿಸಿತ್ತು. ತೊಡಕು ಇರುವುದು ಬೇರೆ ಕಡೆ. ಯಾವ ಸಿನಿಮಾವನ್ನು ದುರಸ್ತಿ ಮಾಡಬೇಕು? ಯಾಕೆಂದರೆ ಈ ಇಟಲಿ ಸಿನಿಮಾಗಳು ಒಂದೊಂದು ದೇಶದಲ್ಲಿ ಒಂದೊಂದು ರೂಪದಲ್ಲಿವೆ.

ನಾವು ನೋಡಲಿರುವ ಸಿನಿಮಾವನ್ನೇ ತೆಗೆದುಕೊಳ್ಳಿ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಕಂಪನಿ 1961ರಲ್ಲಿ ಅದನ್ನು ‘ಬ್ಲ್ಯಾಕ್ ಸಂಡೇ’ ಅಂತ ಬಿಡುಗಡೆ ಮಾಡಿತು. ಮೂರು ನಿಮಿಷಕ್ಕೂ ಜಾಸ್ತಿ ಕತ್ತರಿ ಹಾಕಿತು. ಮೊಳೆ ಬಡಿದ ಮುಖವಾಡವನ್ನು ಸುತ್ತಿಗೆಯಿಂದ ಮುಖಕ್ಕೆ ಹೊಡೆಯುವ ಆರಂಭದ ದೃಶ್ಯ ಮೊಟಕಾಯಿತು. ರೊಬೆರ್ತೊ ನಿಕೊಲೊಸಿ ಅವರ ಸಂಗೀತ ಕಿತ್ತು ಲೆಸ್ ಬ್ಯಾಕ್ಸ್‌ಟರ್ ಅವರ ಸಂಗೀತ ಹಾಕಿದರು. ಇಂಗ್ಲೆಂಡಿನಲ್ಲಂತೂ 1968ರ ತನಕ ಸಿನಿಮಾಕ್ಕೆ ನಿಷೇಧ.

1963ರ ‘ಇ ತ್ರೆ ವೊಲ್ತಿ ದೆಲ್ಲಾ ಪವೂರಾ’ ಇನ್ನೂ ಸೊಗಸು. ಭಯದ ಮೂರು ಮುಖಗಳು. ಮೂರು ಕಥೆ. ಅಮೆರಿಕದವರು ಅದನ್ನು ‘ಬ್ಲ್ಯಾಕ್ ಸಬತ್’ ಮಾಡಿ ಕಥೆಗಳ ಸಾಲನ್ನೇ ಬದಲಿಸಿದರು. ಟೆಲಿಫೋನ್ ಕಥೆಯಲ್ಲಿ ನಾಯಕಿ ಹೆದರುವುದು ಜೈಲಿನಿಂದ ತಪ್ಪಿಸಿಕೊಂಡು ಬಂದ ಗಂಡಸಿಗೆ. ಅಮೆರಿಕದಲ್ಲಿ ಅವನು ದೆವ್ವವಾದ! ಇಟಲಿಯ ರೂಪದ ಕೊನೆಯಲ್ಲಿ ನಟ ಬೋರಿಸ್ ಕಾರ್ಲಾಫ್ ಸುಳ್ಳು ಕುದುರೆ ಮೇಲೆ ಕೂತಿರುವುದು, ಸುತ್ತ ಜನ ಕೊಂಬೆ ಹಿಡಿದು ಓಡಿ ಕಾಡು ಸರಿದು ಹೋಗುತ್ತಿರುವಂತೆ ತೋರಿಸುವುದು ಕಾಣುತ್ತದೆ. ಆ ತಮಾಷೆಯೂ ಅಮೆರಿಕದ ರೂಪದಲ್ಲಿ ಇಲ್ಲ. ಹಾಗಾದರೆ ಇಟಲಿಯದ್ದೇ ‘ಮೂಲ’ ಅಂತ ತೀರ್ಮಾನ ಮಾಡಿಬಿಡೋಣ ಅಂದರೆ, ಕಾರ್ಲಾಫ್ ಅವರ ಸ್ವಂತ ದನಿ ಇರುವುದು ಅಮೆರಿಕದ ರೂಪದಲ್ಲಿ ಮಾತ್ರ! ಇಟಲಿಯದ್ದರಲ್ಲಿ ಬೇರೆಯವರ ದನಿ.

ಇದನ್ನು ಬರೆಯುತ್ತಾ ಇರುವಾಗ ಎಂ.ಎ. ಕ್ಲಾಸು ನೆನಪಾಯಿತು. ಗ್ರಂಥಸಂಪಾದನೆ ಅಂತ ಒಂದು ವಿಷಯ ಇತ್ತು, ಹಳೆ ಕಾವ್ಯದ ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ಸರಿಯಾದ ಪಠ್ಯ ನಿರ್ಧರಿಸುವುದು. ಮಧ್ಯಾಹ್ನದ ಊಟ ಆದ ಮೇಲಿನ ಪೀರಿಯಡ್ಡು. ಚೆನ್ನಾಗಿ ನಿದ್ದೆ ಹೊಡೆದಿದ್ದೇನೆ. ಆದರೂ ಕೆಲವು ಪದ ಕಿವಿಯಲ್ಲಿ ಉಳಿದುಬಿಟ್ಟಿವೆ, ನೋಡಿ ಹೇಗೆ ಕೂರುತ್ತವೆ. ಓಲೆಗರಿ ‘ಪ್ರತಿ’ ಇದ್ದ ಹಾಗೆ ಫಿಲಂ ಪ್ರಿಂಟೂ ‘ಪ್ರತಿ’. ಇಟಲಿಯ ರೂಪ, ಅಮೆರಿಕದ ರೂಪ ಎರಡು ‘ಪಾಠ’. ಸಂಗೀತ ಬದಲಾದದ್ದು, ಮಾತು ಬದಲಾದದ್ದು ‘ಪಾಠಾಂತರ’. ಪ್ರತಿಯಲ್ಲಿ ಕಳೆದುಹೋದ ಭಾಗ ‘ಗ್ರಂಥಪಾತ’. ಅಚ್ಚಾದ ಕಾವ್ಯದಲ್ಲಿ ಅಲ್ಲಿ ಚುಕ್ಕಿ ಚುಕ್ಕಿ ಹಾಕಿರುತ್ತಾರೆ. ಡಿಸ್ಕಿನಲ್ಲಿ ಅಂಥ ಕಡೆ ಬೇರೆ ಪ್ರತಿಯ ಮಂಕು ತುಣುಕು ಸೇರಿಸಿರುತ್ತಾರೆ, ನೋಡಿದರೇ ಗೊತ್ತಾಗುತ್ತದೆ.

ಆಮೇಲೆ ಬೇರೆಯವರು ಒಳಗೆ ಸೇರಿಸಿದ ಭಾಗ ‘ಪ್ರಕ್ಷಿಪ್ತ’. ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಬಾವಾ 1973ರಲ್ಲಿ ‘ಲೀಸಾ ಎ ಇಲ್ ದಿಯಾವೊಲೊ’ ಮಾಡಿದರು. ಕೊಳ್ಳುವವರು ಸಿಗಲಿಲ್ಲ. ಅಷ್ಟರಲ್ಲಿ ಅಮೆರಿಕದ ‘ದಿ ಎಕ್ಸಾರ್ಸಿಸ್ಟ್’ ಲೋಕವನ್ನೇ ನಡುಗಿಸಿತ್ತು. ನಿರ್ಮಾಪಕ ಆಲ್ಫ್ರೆಡೊ ಲಿಯೋನೆ ಭೂತ ಬಿಡಿಸುವ ಪಾದ್ರಿಯ ದೃಶ್ಯಗಳನ್ನು ಹೊಸದಾಗಿ ತೆಗೆಸಿ ಒಳಗೆ ತುರುಕಿದರು. ಹೆಸರೂ ಬದಲಾಗಿ ‘ದಿ ಹೌಸ್ ಆಫ್ ಎಕ್ಸಾರ್ಸಿಸಂ’ ಆಯಿತು. ಕುಮಾರವ್ಯಾಸನ ಮಧ್ಯೆ ಯಾರೋ ಲಿಪಿಕಾರ ತನ್ನ ಊರ ದೇವರ ಸ್ತುತಿ ಸೇರಿಸಿದ ಹಾಗೆ.

ಹೀಗಾಗಿ ನನ್ನ ಸೂಚನೆ: ರಿಸ್ಟೋರೇಷನ್ನಿಗೆ ‘ಚಿತ್ರಸಂಪಾದನೆ’. ಇಂಗ್ಲಿಷಿನಲ್ಲಿ ಸಿನಿಮಾ ಕತ್ತರಿಸಿ ಜೋಡಿಸುವವರೂ ಎಡಿಟರ್, ಪುಸ್ತಕದವರೂ ಎಡಿಟರ್. ಕನ್ನಡದಲ್ಲಿ ಸಿನಿಮಾದ್ದು ‘ಸಂಕಲನ’, ಬರಹದ್ದು ‘ಸಂಪಾದನೆ’. ಟೈಟಲ್ ಕಾರ್ಡಿನಲ್ಲಿ ಎಷ್ಟೋ ದಶಕದಿಂದ ‘ಸಂಕಲನ’ ಅಂತಲೇ ಬರುತ್ತಿದೆ. ಅಂದರೆ ಸಿನಿಮಾದ ಪಕ್ಕದಲ್ಲಿ ‘ಸಂಪಾದನೆ’ಯ ಜಾಗ ಖಾಲಿ ಇದೆ. ಸುಮ್ಮನೆ ಹೊಸ ಡಬ್ಬಿಯಲ್ಲಿ ಬಂದರೆ ‘ಮರುಮುದ್ರಣ’. ಪ್ರತಿಗಳನ್ನು ಹುಡುಕಿ, ಹೋಲಿಸಿ, ತೊಳೆದು, ಪಾಠ ನಿರ್ಧರಿಸಿದ್ದರೆ ‘ಸಂಪಾದಿತ ಪ್ರತಿ’. ಹೊರದೇಶದ ಡಿಸ್ಕ್ ಕಂಪನಿಗಳು ‘4ಕೆ’ ಅಂತ ದೊಡ್ಡದಾಗಿ ಹಾಕುತ್ತವೆ. ಅದು ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕಿಗಳ ಲೆಕ್ಕ ಅಷ್ಟೇ, ಸಂಪಾದನೆ ಹೇಗಾಗಿದೆ ಅಂತ ಅದರಿಂದ ಗೊತ್ತಾಗಲ್ಲ. ಇಂಗ್ಲೆಂಡಿನ ಆರೋ ಎಂಬ ಡಿಸ್ಕ್ ಕಂಪನಿ 2013ರಲ್ಲಿ ಈ ‘ಮುಖವಾಡ’ದ ಬ್ಲೂ-ರೇ ತಂದಾಗ ಎರಡೂ ಪಾಠ ಒಟ್ಟಿಗೇ ಕೊಟ್ಟಿತು. ನನಗೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ.

ಇಟಲಿಯವರು ಏನನ್ನುತ್ತಾರೆ ಅಂತಲೂ ನೋಡಿದೆ. ‘ರೆಸ್ತಾವ್ರೊ’ ಸಾಮಾನ್ಯ ಪದ. ಆದರೆ ಬೊಲೊನ್ಯಾದ ಹಳೆ ಸಿನಿಮಾ ಹಬ್ಬದ ಹೆಸರು ‘ಇಲ್ ಚಿನೆಮಾ ರಿತ್ರೊವಾತೊ’, ಮತ್ತೆ ಸಿಕ್ಕ ಸಿನಿಮಾ. ಅಲ್ಲಿನ ಲ್ಯಾಬಿನ ಹೆಸರು ‘ಲಿಮ್ಮಾಜಿನೆ ರಿತ್ರೊವಾತಾ’, ಮತ್ತೆ ಸಿಕ್ಕ ಬಿಂಬ. ನಮ್ಮ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೂ ಈ ಲ್ಯಾಬಿನ ಕೈ ತಗಲಿದೆ. 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದ್ದು ಅದೇ ಪ್ರತಿ. ಆದ್ದರಿಂದ ಈ ಪದ ಇಟಲಿಯ ದೆವ್ವಗಳಿಗೆ ಮಾತ್ರ ಬೇಕಾದದ್ದಲ್ಲ. ‘ಮರಳಿ ಸಿಕ್ಕ’ ಅನ್ನುವುದು ಕೇಳಲು ಹಿತ. ಆದರೆ ಕೆಲಸ ಮಾಡಿದವರ ಬೆವರು ಅದರಲ್ಲಿ ಕಾಣಿಸಲ್ಲ, ಏನೋ ಅಟ್ಟದ ಮೇಲೆ ಸಿಕ್ಕಿತು ಅನ್ನುವ ಹಾಗಿದೆ.

ಇನ್ನು ಎರಡು ಚಿಲ್ಲರೆ ಪ್ರಶ್ನೆ. ‘ಹೋಮ್ ವಿಡಿಯೋ’ವನ್ನು ‘ಮನೆ ವಿಡಿಯೋ’ ಅಂದರೆ ನಾಮಕರಣದ ಕ್ಯಾಸೆಟ್ ಆಗಿಬಿಡುತ್ತದೆ. ನಾನು ‘ಡಿಸ್ಕ್’ ಅಂತಲೇ ಬಿಟ್ಟಿದ್ದೇನೆ. ‘ಗಾಥಿಕ್’ ಇನ್ನೂ ಕಷ್ಟ. ಕನ್ನಡದಲ್ಲಿ ಗೋಥಿಕ್ ಅಂದರೆ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನಂಥ ಕಟ್ಟಡ. ಈ ಸಿನಿಮಾಗಳಲ್ಲಿ ಇರುವುದು ಕೋಟೆ, ಮೇಣದಬತ್ತಿ, ಮಂಜು, ನೆಲಮಾಳಿಗೆಯ ಸಮಾಧಿ, ಅಜ್ಜನ ಕಾಲದ ಪಾಪ. ‘ಭೂತಬಂಗಲೆ ಚಿತ್ರ’ ಅಂತ ಹಾಕಿದ್ದೆ. ಮಂಗಳೂರಿನ ಗೆಳತಿ, “ನಮ್ಮಲ್ಲಿ ಭೂತ ಅಂದರೆ ದೈವ ಮಾರಾಯ, ಕೈ ಮುಗಿಯುವುದು” ಅಂದಳು. ಅಳಿಸಿದೆ. ಈಗ ‘ಪಾಳು ಅರಮನೆ ಚಿತ್ರ’ ಅಂತಿದೆ. ಅಷ್ಟೇನೂ ಸಮಾಧಾನ ಇಲ್ಲ.

‘ಚಿತ್ರಸಂಪಾದನೆ’ಗೂ ಒಂದು ಆಕ್ಷೇಪ ಆಗಲೇ ಬಂದಿದೆ. ನಮ್ಮ ಮನೆಯವರಿಗೆ ತೋರಿಸಿದೆ. “ಓ, ಕಲೆಕ್ಷನ್ ವಿಷಯಾನಾ?” ಅಂದರು. ಸಂಪಾದನೆ ಅಂದರೆ ದುಡ್ಡು ಅಂತಲೇ ಅವರಿಗೆ ಮೊದಲು ಹೊಳೆದದ್ದು. ಇದನ್ನು ಹೇಗೆ ನಿಭಾಯಿಸುವುದು? ‘ಚಿತ್ರಪಾಠ ಸಂಪಾದನೆ’ ಅಂದರೆ ಉದ್ದ ಆಯಿತು, ಬಾಯಿಗೂ ಹತ್ತಲ್ಲ. ಹಸ್ತಪ್ರತಿಗಳ ಕೆಲಸ ಮಾಡಿದವರು, ಸಿನಿಮಾ ಲ್ಯಾಬಿನಲ್ಲಿದ್ದವರು ಈ ಗುಂಪಿನಲ್ಲಿ ಇದ್ದೀರಿ. ಲ್ಯಾಬಿನವರು ನಿಮ್ಮ ನಿಮ್ಮಲ್ಲಿ ಇದಕ್ಕೆ ಏನು ಹೇಳುತ್ತಿದ್ದಿರಿ, ಅದನ್ನು ತಿಳಿಸಿದರೂ ಸಾಕು. ಟಿಪ್ಪಣಿ ಶನಿವಾರ ಹಂಚಬೇಕು. ಶುಕ್ರವಾರ ಸಂಜೆ ಜೆರಾಕ್ಸ್ ಅಂಗಡಿಗೆ ಹೋಗುವ ತನಕ ತಿದ್ದುವುದಕ್ಕೆ ಅವಕಾಶ ಇದೆ.